ಶಾಲೆಯ ಹೊರಗೆ ನಿಂತ ಸಂಗೀತ

ಪುಷ್ಯ-ಮಾಘ ಮಾಸಗಳು ಬಂದವೆಂದರೆ ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಶಾಲೆಗಳಲ್ಲಿ ಸ್ನೇಹಸಮ್ಮೇಲನಗಳ ಸುಗ್ಗಿ. ಮಂಟಪ ಏಳುತ್ತದೆ, ಪತಾಕೆಗಳು ಹಾರುತ್ತವೆ, ಅಧ್ಯಕ್ಷರೂ ಅತಿಥಿಗಳೂ ಹಾರತುರಾಯಿಗಳೊಡನೆ ವೇದಿಕೆಯನ್ನೇರುತ್ತಾರೆ. ಭಾಷಣಗಳು ಮುಗಿದ ತರುವಾಯ ಬರುವ ಮನರಂಜನೆಯ ಹೊತ್ತಿಗಾಗಿ ತಾಯಿತಂದೆಗಳು ಚಳಿಯಲ್ಲಿ ಕಾದು ಕುಳಿತಿರುತ್ತಾರೆ. ಆ ಹೊತ್ತು ಬಂದಾಗ ಹಾಡತೊಡಗುವದು ಮಾತ್ರ ಯಂತ್ರ. ಧ್ವನಿವರ್ಧಕದೊಳಗಿಂದ ಮುಂಬಯಿಯಲ್ಲೋ ಬೆಂಗಳೂರಲ್ಲೋ ಯಾವಾಗಲೋ ಹಾಡಿಟ್ಟ ಹಾಡು ಕಿವಿಗಡಚಿಕ್ಕುವಂತೆ ಹೊರಡುತ್ತದೆ. ನಮ್ಮ ಮಕ್ಕಳು ಬಣ್ಣದ ಬಟ್ಟೆ ತೊಟ್ಟು ಅದಕ್ಕೆ ತುಟಿ ಅಲ್ಲಾಡಿಸುತ್ತ ಕುಣಿಯುತ್ತಾರೆ. ನೂರಾರು ಮಕ್ಕಳಿರುವ ಶಾಲೆಯಲ್ಲಿ ಅಂದು ಸ್ವಂತ ಕಂಠದಿಂದ ಹಾಡಿದವರೆಂದರೆ ಸ್ವಾಗತಗೀತೆಯ ನಾಲ್ವರು ಹುಡುಗಿಯರು. ಅವರ ಶ್ರುತಿಯೂ ಒಬ್ಬೊಬ್ಬರದು ಒಂದೊಂದು.

ಇದು ಯಾವುದೋ ಒಂದು ಶಾಲೆಯ ದೋಷವೆಂದು ನಾವು ಹೇಳಹೊರಟಿಲ್ಲ, ಪರಿಹಾಸಕ್ಕಾಗಿಯೂ ಬರೆಯುತ್ತಿಲ್ಲ. ಗಣಿತ ಕಲಿಸದೆ ಮಕ್ಕಳನ್ನು ಗಣಿತದ ಪರೀಕ್ಷೆಗೆ ಕೂಡಿಸಿದರೆ ಊರಿಗೆ ಊರೇ ಎದ್ದು ನಿಲ್ಲುತ್ತದೆ. ಹಾಡಲು ಕಲಿಸದೆ ಹಾಡಿನ ವೇದಿಕೆಯ ಮೇಲೆ ನಿಲ್ಲಿಸಿದರೆ ಯಾರಿಗೂ ಏನೂ ಅನಿಸುವದಿಲ್ಲ. ಸಂಗೀತವೆಂಬುದು ಹುಟ್ಟಿನಿಂದ ಬಂದವರಿಗೆ ಬರುತ್ತದೆ, ಬಾರದವರಿಗೆ ಬಾರದು, ಅದರಲ್ಲಿ ಶಾಲೆಯ ಕೆಲಸವೇನು ಎಂಬ ಮಾತು ನಮ್ಮ ಸಂಭಾವಿತ ಗೃಹಸ್ಥರ ಬಾಯಲ್ಲಿಯೂ, ಅಧಿಕಾರಿಗಳ ಬಾಯಲ್ಲಿಯೂ ಸರಾಗವಾಗಿ ಹೊರಡುತ್ತದೆ. ಈ ಮಾತು ಎಷ್ಟು ತಪ್ಪು, ಇದರಿಂದ ನಮ್ಮ ಸೀಮೆಗೆ ಆಗಿರುವ ನಷ್ಟವೆಷ್ಟು ಎಂಬುದನ್ನು ನಮ್ಮದೇ ನೆಲದ ವೃತ್ತಾಂತದಿಂದ ವಾಚಕರ ಮುಂದಿಡುವದು ಇಂದಿನ ಉದ್ದೇಶ.

1948ರ ವರೆಗೆ ಈ ಊರುಗಳು ಒಂದೇ ಆಳಿಕೆಯವಾಗಿರಲಿಲ್ಲ. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗಲಿ ಸಂಸ್ಥಾನದ್ದು, ಅದರ ಮಗ್ಗುಲಿನ ಬನಹಟ್ಟಿ ಜಮಖಂಡಿಯದು, ಬೀಳಗಿ ಮಾತ್ರ ಬ್ರಿಟಿಷರ ವಿಜಾಪುರ ಜಿಲ್ಲೆಯದು. ರಬಕವಿಯ ನೇಕಾರ ನೂಲಿನ ಕೆಲಸಕ್ಕೆ ಬನಹಟ್ಟಿಗೆ ನಡೆದು ಬಂದರೆ ರಾಜ್ಯವೇ ಬದಲಾಗುತ್ತಿತ್ತು. ಭಜನೆಯ ಧಾಟಿ ಬದಲಾಗುತ್ತಿರಲಿಲ್ಲ. ಕೃಷ್ಣಾ-ಘಟಪ್ರಭೆಗಳ ನಡುವಣ ಈ ಸೀಮೆಯಲ್ಲಿ ಕರಡಿಮಜಲಿನ ಸದ್ದಿಲ್ಲದೆ ಜಾತ್ರೆಯಿಲ್ಲ. ಏಕತಾರಿ-ದಮ್ಮಡಿಗಳಿಲ್ಲದೆ ಅಮಾವಾಸ್ಯೆಯ ರಾತ್ರಿ ಕಳೆಯದು. ಮೊಹರಮ್ಮಿನಲ್ಲಿ ಹಿಂದೂ-ಮುಸಲ್ಮಾನರಿಬ್ಬರೂ ಕೂಡಿ ರಿವಾಯತು ಹಾಡುತ್ತ ಬಂದವರು. ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಳೆದು, ಕೌಜಲಗಿ ನಿಂಗಮ್ಮನ ಕಂಠದಿಂದ ಪ್ರಸಿದ್ಧಿಯ ಶಿಖರವನ್ನೇರಿದ ಶ್ರೀಕೃಷ್ಣ ಪಾರಿಜಾತದ ಮೇಳಗಳು ಇಲ್ಲಿಯ ಹಳ್ಳಿಹಳ್ಳಿಯ ಅಂಗಳದಲ್ಲಿ ಬೆಳ್ಳಬೆಳಗಿನ ವರೆಗೆ ಹಾಡಿವೆ. ಓದು ಬರಹವಿಲ್ಲದ ರೈತನು ಕೂಡ ಸತ್ಯಭಾಮೆಯ ಪದದ ಒಂದು ಸ್ವರ ಅತ್ತಿತ್ತ ಸರಿದರೆ ಮುಖ ಸಿಂಡರಿಸುತ್ತಿದ್ದನೆಂಬುದನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಸಂಗೀತವು ಹೀಗೆ ಗುಡಿಯಲ್ಲಿತ್ತು, ಓಣಿಯಲ್ಲಿತ್ತು, ಮಗ್ಗದ ಕುಣಿಯಲ್ಲಿತ್ತು, ಬೀಸುವ ಕಲ್ಲಿನ ಮುಂದಿತ್ತು. ಇಲ್ಲದ್ದು ಒಂದೇ ಸ್ಥಳದಲ್ಲಿ, ಅದು ಶಾಲೆ.

ಅದರ ಪರಿಣಾಮವನ್ನು ಕಾಣಬೇಕಾದರೆ 1886ನೆಯ ಇಸವಿಯನ್ನು ನೆನೆಯಬೇಕು. ಜಮಖಂಡಿ ಸಂಸ್ಥಾನಕ್ಕೆ ಆಗ ದೂರದಲ್ಲೊಂದು ತುಂಡು ಪ್ರದೇಶವಿತ್ತು. ಅದು ಇಂದು ಧಾರವಾಡ ಜಿಲ್ಲೆಯಲ್ಲಿರುವ ಕುಂದಗೋಳ. ಆ ವರುಷದ ಜನವರಿಯಲ್ಲಿ ಕುಂದಗೋಳದಲ್ಲಿ ಒಂದು ಗಂಡುಮಗು ಹುಟ್ಟಿತು. ಜುಲೈಯಲ್ಲಿ ಜಮಖಂಡಿಯಲ್ಲಿ ಇನ್ನೊಂದು. ಎರಡನೆಯವರು ಗುರುದೇವ ರಾನಡೆಯವರು. ಮೊದಲನೆಯವರು ರಾಮಭಾವು ಕುಂದಗೋಳಕರ, ಮುಂದೆ ನಾಡು ಸವಾಯಿ ಗಂಧರ್ವರೆಂದು ಕರೆದ ಮಹಾಗವಯಿ. ಒಂದೇ ಅರಸರ ಪ್ರಜೆಗಳಾದ ಈ ಇಬ್ಬರು ಬಾಲಕರ ಹಾದಿಗಳನ್ನು ನೋಡಿರಿ. ರಾನಡೆಯವರ ಬುದ್ಧಿಗೆ ತಕ್ಕ ದಾರಿಯನ್ನು ಸಂಸ್ಥಾನವು ಮೊದಲೇ ಹಾಕಿಟ್ಟಿತ್ತು: ಜಮಖಂಡಿಯ ಹೈಸ್ಕೂಲು, ಅಲ್ಲಿಂದ ಪುಣೆಯ ಡೆಕ್ಕನ್ ಕಾಲೇಜು, ಅಲ್ಲಿಂದ ಪ್ರಾಧ್ಯಾಪಕತ್ವ, ಕೊನೆಗೆ ಅಲಾಹಾಬಾದ ವಿಶ್ವವಿದ್ಯಾಲಯದ ಕುಲಪತಿಯ ಪೀಠ. ಅದೇ ಹೈಸ್ಕೂಲಿನಲ್ಲಿ ಮುಂದೆ ಸಾವಳಗಿಯ ಬಿ. ಡಿ. ಜತ್ತಿಯವರು ಓದಿ ಭಾರತದ ಉಪರಾಷ್ಟ್ರಪತಿಗಳಾದರು. ಶಾಲೆಯ ಮೆಟ್ಟಿಲು ಗಟ್ಟಿಯಾಗಿದ್ದರೆ ಹಳ್ಳಿಯ ಹುಡುಗ ಎಲ್ಲಿಯ ವರೆಗೆ ಏರಬಲ್ಲನೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ.

ರಾಮಭಾವುವಿನ ಕಂಠಕ್ಕೆ ಅಂಥ ಮೆಟ್ಟಿಲನ್ನು ಯಾರೂ ಕಟ್ಟಿರಲಿಲ್ಲ. ಅವರ ದೈವ ದೊಡ್ಡದು. ಊರಿನ ನಾಡಿಗೇರರ ವಾಡೆಗೆ ಉಸ್ತಾದ ಅಬ್ದುಲ್ ಕರೀಮಖಾನರು ಬಂದುಹೋಗುತ್ತಿದ್ದರು, ನಾಡಿಗೇರರು ಸಂಗೀತವನ್ನು ಬಲ್ಲ ಉದಾರಿಗಳಾಗಿದ್ದರು. ಒಬ್ಬ ಗೃಹಸ್ಥನ ವಾಡೆಯ ಬಾಗಿಲು ತೆರೆದಿದ್ದುದರಿಂದ ಕಿರಾಣಾ ಘರಾಣೆ ಕನ್ನಡ ನೆಲದಲ್ಲಿ ಬೇರೂರಿತು. ಆ ಬಾಗಿಲು ಮುಚ್ಚಿದ್ದರೆ? ಈ ಪ್ರಶ್ನೆಯನ್ನು ನಾವು ಸುಮ್ಮನೆ ಕೇಳುತ್ತಿಲ್ಲ. ಅದೇ ಸಂಸ್ಥಾನದಲ್ಲಿ ಅದೇ ಕಾಲಕ್ಕೆ ಹುಟ್ಟಿ, ಅಂಥ ಕಂಠವನ್ನೇ ಪಡೆದು, ಬಾಗಿಲು ತೆರೆಯುವವರಿಲ್ಲದೆ ಎತ್ತಿನ ಹಿಂದೆಯೂ ಮಗ್ಗದ ಮುಂದೆಯೂ ಮುಗಿದುಹೋದ ಬಾಲಕರ ಹೆಸರುಗಳು ಯಾವ ಗ್ರಂಥದಲ್ಲಿಯೂ ಇಲ್ಲ. ಇರುವದಕ್ಕೆ ಸಾಧ್ಯವೂ ಇಲ್ಲ.

ಸವಾಯಿ ಗಂಧರ್ವರ ಶಿಷ್ಯೋತ್ತಮರ ಕಥೆಯು ಇದಕ್ಕಿಂತ ಹೆಚ್ಚು ಚಿಂತನೀಯವಾದದ್ದು. ಗದಗ ಸೀಮೆಯ ಜೋಶಿ ಮಾಸ್ತರರ ಮಗ ಭೀಮಸೇನ, 1922ರಲ್ಲಿ ಹುಟ್ಟಿದವನು. ತಂದೆ ಶಾಲಾಶಿಕ್ಷಕರು, ವಿದ್ವಾಂಸರು. ಮನೆಯಲ್ಲಿ ಪುಸ್ತಕಕ್ಕೆ ಬರವಿರಲಿಲ್ಲ. ಹುಡುಗನಿಗೆ ಬೇಕಾದದ್ದು ಹಾಡು. ಕರೀಮಖಾನರ ಧ್ವನಿಮುದ್ರಿಕೆಯನ್ನು ಅಂಗಡಿಯ ಮುಂದೆ ನಿಂತು ಕೇಳಿ ಮರುಳಾದ ಆ ಬಾಲಕ 1933ರಲ್ಲಿ, ತನ್ನ ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿದ. ಟಿಕೀಟಿಲ್ಲದ ರೈಲು ಪ್ರಯಾಣ. ಪ್ರಯಾಣಿಕರ ಮುಂದೆ ಹಾಡಿ ಪಡೆದ ಕಾಸು. ಗ್ವಾಲಿಯರ, ಕಲಕತ್ತೆ, ಕೊನೆಗೆ ಪಂಜಾಬದ ಜಲಂಧರ. ಅಲ್ಲಿ ವಿನಾಯಕರಾವ ಪಟವರ್ಧನರು ಕೊಟ್ಟ ಬುದ್ಧಿಯೇನು? ನಿನ್ನ ಊರಿನ ಹತ್ತಿರವೇ ಸವಾಯಿ ಗಂಧರ್ವರಿದ್ದಾರೆ, ಅಲ್ಲಿಗೆ ಹೋಗು ಎಂಬುದು. ಅರ್ಧ ಭರತಖಂಡವನ್ನು ಸುತ್ತಿದ ಹುಡುಗ 1936ರಲ್ಲಿ ಕುಂದಗೋಳದ ಬಾಗಿಲಿಗೆ ಬಂದು ನಿಂತ. ಮುಂದಿನದು ಲೋಕಕ್ಕೆಲ್ಲ ಗೊತ್ತಿದೆ. 2008ರಲ್ಲಿ ಅವರಿಗೆ ಭಾರತರತ್ನ ಘೋಷಣೆಯಾಯಿತು.

ಈ ಕಥೆಯನ್ನು ನಾವು ಹಠಸಾಧನೆಯ ದೃಷ್ಟಾಂತವಾಗಿ ಮಕ್ಕಳಿಗೆ ಹೇಳುತ್ತೇವೆ. ಹೇಳಲಿ, ತಪ್ಪಿಲ್ಲ. ಆದರೆ ಅದರಲ್ಲಿ ದೊಡ್ಡವರಿಗೂ ಒಂದು ಪಾಠವಿದೆ, ಅದನ್ನು ನಾವು ಓದುವದಿಲ್ಲ. ಶಾಲಾಮಾಸ್ತರನ ಮಗನಿಗೇ ತನ್ನ ತಂದೆಯ ಶಾಲೆಯ ಲೋಕದಲ್ಲಿ ಸಂಗೀತದ ಸುಳಿವು ಸಿಕ್ಕಲಿಲ್ಲ. ಒಂದು ದಿನದ ಹಾದಿಯೂ ಇಲ್ಲದ ಗುರುವಿನ ಹೆಸರನ್ನು ಅವನಿಗೆ ಹೇಳುವವರು ಇಲ್ಲಿ ಇರಲಿಲ್ಲ, ಜಲಂಧರದಲ್ಲಿದ್ದರು. ನಮ್ಮ ಮುಧೋಳದ ಬಳೆಗಾರರ ಮನೆಯ ರನ್ನನೂ ವಿದ್ಯೆಗಾಗಿ ಊರು ಬಿಟ್ಟು ಅಜಿತಸೇನಾಚಾರ್ಯರ ಪಾದಮೂಲದ ವರೆಗೆ ಹೋದವನೇ ಆದ್ದರಿಂದ ಇದು ಸಾವಿರ ವರುಷದ ಪರಿಪಾಠವೆಂದು ಸಮಾಧಾನ ಹೇಳಿಕೊಳ್ಳಬಹುದೇನೋ! ಆದರೆ ಅಕ್ಷರದ ವಿಷಯದಲ್ಲಿ ಆ ಪರಿಪಾಠವನ್ನು ನಾವು ಮುರಿದಿದ್ದೇವೆ. ಇಂದು ರನ್ನನ ಊರಿನ ಯಾವ ಮಗುವೂ ಓದು ಕಲಿಯಲು ಮನೆ ಬಿಟ್ಟು ಓಡಬೇಕಾಗಿಲ್ಲ.

ಹುಡುಗರ ಮಾತು ಇದಾದರೆ ಹುಡುಗಿಯರದು ಇನ್ನೂ ಕಠಿಣ. ಬೀಳಗಿಯಂಥ ಸಣ್ಣ ಊರಿನಿಂದ ಹೊರಟು ಮುಂಬಯಿ ಸೇರಿದ ಅಮೀರಬಾಯಿ ಕರ್ನಾಟಕಿಯವರ ಧ್ವನಿಯನ್ನು 1943ರ 'ಕಿಸ್ಮತ್' ಚಿತ್ರದಿಂದ ಇಡೀ ಹಿಂದುಸ್ತಾನವೇ ಕೇಳಿತು. ಆ ಚಿತ್ರವು ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರುಷಕ್ಕೂ ಮಿಕ್ಕಿ ನಡೆಯಿತು. ಅವರ ಸೋದರಿ ಗೋಹರಬಾಯಿಯವರೂ ರಂಗಭೂಮಿಯಲ್ಲಿ ಹೆಸರಾದವರು. ಇವರಿಗೆ ಸಂಗೀತ ಬಂದದ್ದು ಹಾಡು-ನಾಟಕಗಳೇ ಜೀವನವಾಗಿದ್ದ ಮನೆತನದಲ್ಲಿ ಹುಟ್ಟಿದ್ದರಿಂದ. ಬೀಳಗಿಯ ಉಳಿದ ಮನೆಗಳ ಹೆಣ್ಣುಮಕ್ಕಳಲ್ಲಿ ಕಂಠವಿರಲಿಲ್ಲವೇ? ಇತ್ತು, ಮರ್ಯಾದಸ್ಥರ ಹುಡುಗಿ ಹಾಡಬಾರದೆಂಬ ನಿಯಮವೂ ಇತ್ತು. ಹಾಡುವವರನ್ನು ಕೇಳಿ ತಲೆದೂಗುವದು, ಆದರೆ ಅವರ ಜೊತೆಗೆ ಪಂಕ್ತಿಯಲ್ಲಿ ಕೂಡದಿರುವದು, ಇದು ನಮ್ಮ ಸಮಾಜವು ಶತಮಾನಗಳಿಂದ ನಡೆಸಿಕೊಂಡು ಬಂದ ವಿಚಿತ್ರ ವ್ಯವಹಾರ.

ಅದನ್ನು ಒಂದು ಘಳಿಗೆಯ ಮಟ್ಟಿಗಾದರೂ ಮುರಿದದ್ದು ರಾಷ್ಟ್ರೀಯ ಚಳವಳಿ. 1924ರ ಡಿಸೆಂಬರಿನಲ್ಲಿ ಮಹಾತ್ಮರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದಲ್ಲಿ ಹುಯಿಲಗೋಳ ನಾರಾಯಣರಾಯರ ನಾಡಗೀತೆ ಮೊಳಗಿದ್ದನ್ನು ಕನ್ನಡಿಗರು ಮರೆತಿಲ್ಲ. ಆ ಅಧಿವೇಶನದ ಸ್ವಾಗತಗೀತೆಯನ್ನು ಹಾಡಿದ ಶಾಲಾಬಾಲಿಕೆಯರಲ್ಲಿ ಹನ್ನೊಂದು ವಯಸ್ಸಿನ ಗಂಗೂಬಾಯಿಯೂ ಒಬ್ಬಳು, ಮುಂದಿನ ಗಂಗೂಬಾಯಿ ಹಾನಗಲ್. ಹಾಡು ಮುಗಿದ ಮೇಲೆ ಊಟದ ಹೊತ್ತಿಗೆ ತನ್ನ ಜಾತಿಯ ಕಾರಣದಿಂದ ತನ್ನನ್ನು ಬೇರೆ ಕೂಡಿಸುವರೋ ಏನೋ ಎಂಬ ಭಯವು ಆ ಮಗುವಿನ ಎದೆಯಲ್ಲಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. ಮಹಾತ್ಮರ ಮುಂದೆ ಹಾಡಿ ಬಂದ ಕಂಠದೊಳಗೂ ಆ ಭಯ! ಶಾಲೆಯಲ್ಲಿ ಸಂಗೀತವೇಕೆ ಎಂದು ಕೇಳುವವರಿಗೆ ನಮ್ಮ ಮೊದಲನೆಯ ಉತ್ತರವು ಇದೇ. ಹಾಡು ಯಾವುದೇ ಮನೆತನದ ಹೊರೆಯೂ ಅಲ್ಲ, ಸ್ವತ್ತೂ ಅಲ್ಲ ಎಂಬುದನ್ನು ಸಿದ್ಧಪಡಿಸಬಲ್ಲ ಸ್ಥಳವು ಶಾಲೆಯೊಂದೇ. ನಲವತ್ತು ಮಕ್ಕಳು ಒಂದೇ ಷಡ್ಜವನ್ನು ಹಿಡಿದು ನಿಂತಾಗ ಯಾರ ಸ್ವರ ಯಾವ ಓಣಿಯದೆಂದು ಕಿವಿಯು ವಿಂಗಡಿಸಲಾರದು.

ಶಾಲೆಗಳು ಮಾಡದೆ ಬಿಟ್ಟ ಈ ಕೆಲಸವನ್ನು ನಮ್ಮ ಸೀಮೆಯಲ್ಲಿ ಮಾಡಿದವರು ಗದುಗಿನ ವೀರೇಶ್ವರ ಪುಣ್ಯಾಶ್ರಮದವರು. ಸ್ವತಃ ಅಂಧರಾದ ಪಂಚಾಕ್ಷರಿ ಗವಾಯಿಗಳೂ, 1944ರಲ್ಲಿ ಅವರು ತೀರಿಕೊಂಡ ತರುವಾಯ 2010ರ ವರೆಗೆ ಪುಟ್ಟರಾಜ ಗವಾಯಿಗಳೂ ಕುರುಡು ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನವಿಕ್ಕಿ ಸಂಗೀತ ಕಲಿಸಿದರು. ಅಲ್ಲಿಂದ ಹೊರಟ ಶಿಷ್ಯರು ಇಂದಿಗೂ ಊರೂರಿನಲ್ಲಿ ಪೇಟಿ-ತಬಲಾ ಹಿಡಿದು ಬದುಕುತ್ತಿದ್ದಾರೆ. ಭಿಕ್ಷೆಯ ಜೋಳಿಗೆಯಿಂದ ನಡೆದ ಒಂದು ಆಶ್ರಮವು ಇಷ್ಟು ಮಾಡಿತೆಂದಮೇಲೆ, ತೆರಿಗೆಯ ಬೊಕ್ಕಸದಿಂದ ನಡೆಯುವ ಇಲಾಖೆಗೆ ತನ್ನಲ್ಲಿ ಅನುಕೂಲವಿಲ್ಲವೆಂದು ಹೇಳುವ ಬಾಯಿ ಇರಬಾರದು.

ಈಗ ಒಂದು ಎಚ್ಚರಿಕೆಯ ಮಾತು. ಸಂಗೀತದ ಪರವಾಗಿ ಮಾತಾಡುವವರು ಕೆಲವರು, ಸಂಗೀತ ಕಲಿತ ಮಗು ಗಣಿತದಲ್ಲಿ ಮುಂದೆ ಬರುತ್ತದೆ, ಬುದ್ಧಿ ಹೆಚ್ಚುತ್ತದೆ, ಅಂಕ ಬೀಳುತ್ತವೆ ಎಂದು ಸಾರುತ್ತಾರೆ. ಇದರ ಮೂಲದಲ್ಲಿರುವದು 1993ರಲ್ಲಿ ಕ್ಯಾಲಿಫೋರ್ನಿಯದಲ್ಲಿ ನಡೆದ ಒಂದು ಪ್ರಯೋಗ. ಕಾಲೇಜಿನ 36 ವಿದ್ಯಾರ್ಥಿಗಳಿಗೆ ಹತ್ತು ನಿಮಿಷ ಮೋಝಾರ್ಟನ ಸಂಗೀತ ಕೇಳಿಸಿ ಒಂದು ಬಗೆಯ ಆಕೃತಿಪರೀಕ್ಷೆ ಕೊಟ್ಟರು. ಸ್ವಲ್ಪ ಹೆಚ್ಚಿನ ಫಲ ಕಂಡಿತು. ಅದೂ ಕಾಲು ಗಂಟೆಯಲ್ಲಿ ಇಳಿದುಹೋಯಿತು. ಅದರಲ್ಲಿ ಮಕ್ಕಳಿರಲಿಲ್ಲ, ಹಾಡುವದಿರಲಿಲ್ಲ, ಕಲಿಯುವದಿರಲಿಲ್ಲ. ಪತ್ರಿಕೆಗಳು ಅದನ್ನು ಹಿಗ್ಗಿಸಿದವು, ವ್ಯಾಪಾರಿಗಳು ಮಾರಿದರು. ಆಮೇಲಿನ ಕಟ್ಟುನಿಟ್ಟಾದ ಪರೀಕ್ಷೆಗಳಲ್ಲಿ ಅದು ನಿಲ್ಲಲಿಲ್ಲ. ಆದಕಾರಣ ನಾವು ಅಂಥ ಆಸೆಯನ್ನು ತೋರಿಸುವದಿಲ್ಲ. ಗಣಿತ ಬರಬೇಕಾದರೆ ಗಣಿತವನ್ನೇ ಕಲಿಸಬೇಕು. ಸಂಗೀತವನ್ನು ಗಣಿತದ ಆಳನ್ನಾಗಿ ಮಾಡಿ ಶಾಲೆಯೊಳಗೆ ಹಿಂಬಾಗಿಲಿನಿಂದ ಕರೆತರುವದು ಸಂಗೀತಕ್ಕೂ ಅವಮಾನ, ಕೇಳುವವರಿಗೂ ವಂಚನೆ.

ಹಾಗಾದರೆ ಮಗುವಿಗೆ ಬರುವದೇನು? ಮೊದಲು, ಕೇಳುವ ವಿದ್ಯೆ. ಇನ್ನೊಬ್ಬನ ಸ್ವರವನ್ನು ಕೇಳಿ ತನ್ನದನ್ನು ಅದಕ್ಕೆ ಹೊಂದಿಸದೆ ಯಾರೂ ಮೇಳದಲ್ಲಿ ಹಾಡಲಾರರು, ಒದರುವವನು ಸೋಲುತ್ತಾನೆ. ಎರಡನೆಯದು, ಉಸಿರಿನ ಮೇಲಿನ ಹಿಡಿತ ಮತ್ತು ಅದರೊಂದಿಗೆ ಬರುವ ಉಚ್ಚಾರದ ಶುದ್ಧಿ. ನಾವು ಪಾಠಶಾಲೆಯಲ್ಲಿ ಕಲಿತವರು. ಗುರುಗಳು ವೃತ್ತ-ಕಂದಗಳನ್ನು ರಾಗದಲ್ಲಿ ಹೇಳಿಕೊಟ್ಟು, ಗುರು-ಲಘುಗಳನ್ನು ತೊಡೆಯ ಮೇಲೆ ತಟ್ಟಿಸಿ ಬಾಯಿಪಾಠ ಮಾಡಿಸುತ್ತಿದ್ದರು. ಆಗ ಕಲಿತದ್ದು ಐವತ್ತು ದಾಟಿದ ಮೇಲೂ ನಾಲಿಗೆಯ ತುದಿಯಲ್ಲಿದೆ; ತರುವಾಯ ಮೆಟ್ರಿಕ್ಕಿಗಾಗಿ ಓದಿದ್ದು ಪರೀಕ್ಷೆಯ ಮಂಟಪದಲ್ಲಿಯೇ ಉಳಿಯಿತು. ಮಾತಿಗೆ ಲಯವಿರುತ್ತದೆಂಬುದು ಕಿವಿಗೆ ಗೊತ್ತಾಗದ ಮಗುವಿಗೆ ಹಳಗನ್ನಡವೂ ಹೊಸಗನ್ನಡವೂ ಒಂದೇ ಮರಳು.

ಬೇಸುರವೆಂಬುದು ಜನ್ಮದೋಷವೆಂದು ತಿಳಿಯುವದೂ ಸರಿಯಲ್ಲ. ಬಹುತೇಕ ಮಕ್ಕಳು ತಕ್ಕ ವಯಸ್ಸಿನಲ್ಲಿ ತಕ್ಕ ಅಭ್ಯಾಸ ಸಿಕ್ಕರೆ ಸ್ವರಕ್ಕೆ ಸ್ವರ ಕೂಡಿಸಬಲ್ಲರು. ನಮ್ಮ ಶಾಲೆಗಳ ಬೆಳಗಿನ ಪ್ರಾರ್ಥನೆ ಕೆಡುವ ಕಾರಣವು ಹಲವು ಸಲ ತೀರ ಸಾಮಾನ್ಯವಾದದ್ದು. ಮಾಸ್ತರರು ತಮ್ಮ ಗಂಡುದನಿಗೆ ಒಪ್ಪುವ ಕಪ್ಪು ಒಂದರಲ್ಲಿ ಎತ್ತುಗಡೆ ಮಾಡುತ್ತಾರೆ. ಮಕ್ಕಳ ಕಂಠಕ್ಕೆ ಹಿತವಾದದ್ದು ಕಪ್ಪು ನಾಲ್ಕು ಇಲ್ಲವೆ ಐದು. ಕೆಳಗಿನ ಸ್ವರಗಳಲ್ಲಿ ಮಕ್ಕಳು ಗೊಣಗುತ್ತಾರೆ, ಮೇಲಿನದರಲ್ಲಿ ಕಿರಿಚುತ್ತಾರೆ, ಮಾಸ್ತರರು ಸಿಟ್ಟಿಗೇಳುತ್ತಾರೆ. ಹನ್ನೆರಡು-ಹದಿನಾಲ್ಕರ ಹುಡುಗರ ಕಂಠ ಒಡೆಯುವ ಕಾಲದಲ್ಲಿ ಅವರನ್ನು ಮೇಲಿನ ಸ್ವರಕ್ಕೆ ಎಳೆಯಬಾರದೆಂಬುದೂ ಅನೇಕರಿಗೆ ಗೊತ್ತಿಲ್ಲ. ಆ ವಯಸ್ಸಿನಲ್ಲಿ ನಗೆಗೀಡಾದ ಹುಡುಗ ಮತ್ತೆ ಜನ್ಮದಲ್ಲಿ ಬಾಯಿ ತೆರೆಯುವದಿಲ್ಲ. ಇವು ಶಿಕ್ಷಕರ ತರಬೇತಿಯ ಕಾಲದಲ್ಲಿ ಒಂದು ವಾರದಲ್ಲಿ ಹೇಳಿಕೊಡಬಹುದಾದ ಸಂಗತಿಗಳು.

ನಾಡಗೀತೆಯ ಪ್ರಕರಣವನ್ನೇ ನೋಡಿರಿ. ಕುವೆಂಪುರವರ ಗೀತೆಯನ್ನು ಸರಕಾರವು 2004ರಲ್ಲಿ ನಾಡಗೀತೆಯೆಂದು ಅಂಗೀಕರಿಸಿತು. ಅದನ್ನು ಯಾರ ಧಾಟಿಯಲ್ಲಿ, ಎಷ್ಟು ಹೊತ್ತು ಹಾಡತಕ್ಕದ್ದೆಂಬ ಚರ್ಚೆ ಹದಿನೆಂಟು ವರುಷ ನಡೆದು, ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು ಎಂದು 2022ರಲ್ಲಿ ಆಜ್ಞೆಯಾಯಿತು. ಅದರ ಮೇಲೂ ವಿವಾದವು ಉಚ್ಚನ್ಯಾಯಾಲಯದ ವರೆಗೆ ಹೋಯಿತು. ಸಮಿತಿಗಳು ಕೂತವು, ವಿದ್ವಾಂಸರು ವಾದಿಸಿದರು. ಆ ಧಾಟಿಯನ್ನು ಹಳ್ಳಿಯ ಶಾಲೆಯ ಮಕ್ಕಳಿಗೆ ಕಲಿಸುವವರು ಯಾರು ಎಂಬ ಪ್ರಶ್ನೆ ಮಾತ್ರ ಯಾರ ಬಾಯಿಂದಲೂ ಬಂದಂತೆ ಕಾಣಲಿಲ್ಲ. ನಾಡಿನ ಗೀತೆಯ ಅಳತೆ ಸೆಕೆಂಡಿನ ಲೆಕ್ಕದಲ್ಲಿ ನಿರ್ಣಯವಾಯಿತು. ನಾಡಿನ ಮಕ್ಕಳ ಕಂಠದ ಲೆಕ್ಕ ಯಾರದೂ ಅಲ್ಲ.

ಬೇರೆ ದೇಶದವರು ಇದನ್ನು ಹೇಗೆ ನಡೆಸಿದರೆಂಬುದಕ್ಕೆ ಹಂಗೇರಿಯ ಉದಾಹರಣೆ ಕೊಡುವೆವು. ಯಾಕಂದರೆ ಅವರದೂ ಪರರ ಸಂಸ್ಕೃತಿಯ ನೆರಳಿನಲ್ಲಿ ಬಹುಕಾಲ ಬದುಕಿದ ನಾಡು. ಕೋಡಾಯ್ ಎಂಬ ಸಂಗೀತಗಾರನು ತನ್ನ ಮಿತ್ರ ಬಾರ್ಟೋಕನೊಡನೆ 1905ರಿಂದ ಹಳ್ಳಿಗಳನ್ನು ಸುತ್ತಿ, ಮೇಣದ ಉರುಳೆಗಳ ಮೇಲೆ ರೈತರ ಹಾಡುಗಳನ್ನು ಹಿಡಿದಿಟ್ಟ. ಅಷ್ಟಕ್ಕೇ ನಿಲ್ಲಲಿಲ್ಲ. ಆ ಹಾಡುಗಳಿಂದಲೇ ಮಕ್ಕಳಿಗೆ ಸ್ವರಜ್ಞಾನ ಮಾಡಿಸಬೇಕು, ವಾದ್ಯಕ್ಕೆ ಮೊದಲು ಕಂಠ, ಪರರ ಹಾಡಿಗೆ ಮೊದಲು ತಾಯ್ನುಡಿಯ ಹಾಡು ಎಂದು ಹಟ ಹಿಡಿದ. 1950ರಲ್ಲಿ ಅವನ ಜನ್ಮಸ್ಥಳವಾದ ಕೆಚ್‌ಕೆಮೇಟ್ ಎಂಬ ಊರಿನಲ್ಲಿ ದಿನವೂ ಸಂಗೀತ ಕಲಿಸುವ ಪ್ರಾಥಮಿಕ ಶಾಲೆ ಹುಟ್ಟಿತು; ಅದರ ಮಾದರಿಯ ಶಾಲೆಗಳು ಆ ಸಣ್ಣ ದೇಶದಲ್ಲೆಲ್ಲ ಹಬ್ಬಿ, ಅವನ ಪದ್ಧತಿ ಈಗ ಲೋಕಪ್ರಸಿದ್ಧವಾಗಿದೆ.

ನಮ್ಮಲ್ಲಿಯೂ ಅಂಥವರಿದ್ದರು. ವಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು, ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು, ಕಾಪಸೆ ರೇವಪ್ಪನವರು, ಗರತಿಯರ ಬಾಯಿಂದ ಕೇಳಿ ಬರೆದುಕೊಂಡ ತ್ರಿಪದಿಗಳು 1931ರಲ್ಲಿ 'ಗರತಿಯ ಹಾಡು' ಎಂದು ಗ್ರಂಥರೂಪದಲ್ಲಿ ಹೊರಬಂದವು. ಹಂಗೇರಿಯವರ ಕೆಲಸಕ್ಕೆ ಯಾವ ತೆರದಿಂದಲೂ ಕಡಿಮೆಯಿಲ್ಲದ ಪುಣ್ಯಕಾರ್ಯವದು. ಭೇದವಿಷ್ಟೇ: ಅವರು ತಮ್ಮ ಹಾಡನ್ನು ಮಗುವಿನ ಕಂಠಕ್ಕೆ ಹಾಕಿದರು; ನಾವು ನಮ್ಮದನ್ನು ಎಂ.ಎ. ಪರೀಕ್ಷೆಯ ಪ್ರಶ್ನಪತ್ರಿಕೆಗೆ ಹಾಕಿದೆವು. ತ್ರಿಪದಿಯ ಲಕ್ಷಣವನ್ನು ಬರೆದು ಅಂಕ ಪಡೆದ ಪದವೀಧರನಿಗೆ ಒಂದು ತ್ರಿಪದಿ ಹಾಡಿ ತೋರಿಸೆಂದರೆ ತಲೆ ತಗ್ಗಿಸುತ್ತಾನೆ. ಇತ್ತ ಬೀಸುವ ಕಲ್ಲು ಮೂಲೆ ಸೇರಿತು. ಕೈಮಗ್ಗದ ಲಾಳಿಯ ಲಯಕ್ಕೆ ತತ್ತ್ವಪದ ಗುನುಗುತ್ತಿದ್ದ ರಬಕವಿ-ಬನಹಟ್ಟಿಯ ಓಣಿಗಳಲ್ಲಿ ವಿದ್ಯುನ್ಮಗ್ಗದ ಅಬ್ಬರವು ಪಕ್ಕದವನ ಮಾತನ್ನೂ ಕೇಳಗೊಡದು. ಆಲಮಟ್ಟಿಯ ಹಿನ್ನೀರಿಗೆ ನೆಲ ಬಿಟ್ಟುಕೊಟ್ಟ ಬೀಳಗಿ ತಾಲೂಕಿನ ಹಳ್ಳಿಗಳವರು ಪುನರ್ವಸತಿಯ ಕೇಂದ್ರಗಳಿಗೆ ಚದರಿ ಹೋದಾಗ ಕೂಡಿ ಹಾಡುವ ಕಟ್ಟೆಗಳೂ ಮುಳುಗಿದವು. ಹಾಡು ತಾನಾಗಿ ಮಗುವಿಗೆ ತಲುಪುತ್ತಿದ್ದ ಹಳೆಯ ದಾರಿಗಳು ಹೀಗೆ ಒಂದೊಂದಾಗಿ ಕಡಿದುಹೋದ ಈ ಕಾಲದಲ್ಲಿ ಶಾಲೆಯೂ ಕೈಬಿಟ್ಟರೆ ಉಳಿಯುವದು ಜೇಬಿನೊಳಗಿನ ಯಂತ್ರವೊಂದೇ.

ಹಣವಿಲ್ಲ, ಹುದ್ದೆಯಿಲ್ಲ ಎಂಬ ಮಾತು ಬರುವದು ನಮಗೆ ಗೊತ್ತಿದೆ. ಅಧಿಕಾರಿಗಳ ಸ್ಮರಣೆಗಾಗಿ ಒಂದು ಸಂಗತಿ. 2009ರ ಶಿಕ್ಷಣ ಹಕ್ಕಿನ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆರರಿಂದ ಎಂಟನೆಯ ತರಗತಿಯ ವರೆಗೆ ನೂರಕ್ಕೂ ಹೆಚ್ಚು ಮಕ್ಕಳಿರುವ ಶಾಲೆಗೆ ಕಲಾಶಿಕ್ಷಣ, ದೈಹಿಕ ಶಿಕ್ಷಣ, ಕಾರ್ಯಶಿಕ್ಷಣಗಳಿಗಾಗಿ ಅರೆಕಾಲಿಕ ಬೋಧಕರು ಇರತಕ್ಕದ್ದೆಂದು ಅದರ ಅನುಸೂಚಿಯಲ್ಲಿಯೇ ಬರೆದಿದೆ. ಇದು ದಯೆಯ ಮಾತಲ್ಲ, ಕಾನೂನು. ಕಲೆಯೆಂದರೆ ಚಿತ್ರಕಲೆಯೂ ಆಗುತ್ತದೆಂದು ಒಬ್ಬರು ಹೇಳಿಯಾರು. ಒಳ್ಳೆಯದು, ಚಿತ್ರಕಲೆಯ ಬೋಧಕರಾದರೂ ಎಷ್ಟು ಶಾಲೆಗಳಲ್ಲಿದ್ದಾರೆಂದು ಅವರು ಎಣಿಸಿ ಹೇಳಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪಠ್ಯ, ಪಠ್ಯೇತರ ಎಂಬ ಗೋಡೆಯನ್ನೇ ಕೆಡವುವೆವೆಂದಿತು. ಆ ನೀತಿಯ ಬಗ್ಗೆ ಸರಕಾರಗಳ ನಡುವೆ ಏನೇ ಜಗಳವಿರಲಿ, ಸಂಗೀತವನ್ನು ಹೊರಗಿಡಿರೆಂದು ಯಾವ ಪಕ್ಷವೂ ಹೇಳಿದ್ದನ್ನು ನಾವು ಕೇಳಿಲ್ಲ.

ಬೋಧಕರು ಸಿಕ್ಕುವರೇ? ಗಾಂಧರ್ವ ಮಹಾವಿದ್ಯಾಲಯದ ಪರೀಕ್ಷೆಗಳನ್ನೋ, ನಮ್ಮ ರಾಜ್ಯದ ಜೂನಿಯರ್-ಸೀನಿಯರ್ ಪರೀಕ್ಷೆಗಳನ್ನೋ ಮುಗಿಸಿ ಕೆಲಸವಿಲ್ಲದೆ ಕುಳಿತ ತರುಣ-ತರುಣಿಯರು ಈ ಸೀಮೆಯಲ್ಲಿ ಇಲ್ಲದಿಲ್ಲ. ಅದಕ್ಕೂ ಮಿಗಿಲಾಗಿ, ಪಾರಿಜಾತದ ಹಿಮ್ಮೇಳದವರು, ಭಜನೆಯ ಮೇಳಗಳ ಹಿರಿಯರು ಇನ್ನೂ ಇದ್ದಾರೆ. ಪ್ರಮಾಣಪತ್ರವಿಲ್ಲವೆಂದು ಅವರನ್ನು ಗೇಟಿನ ಹೊರಗೆ ನಿಲ್ಲಿಸುವದು ಸವಾಯಿ ಗಂಧರ್ವರಿಗೇ ಪದವಿ ಕೇಳಿದಂತೆ. ವಾರಕ್ಕೆ ಎರಡು ತಾಸು, ಒಂದು ಶ್ರುತಿಪೆಟ್ಟಿಗೆ, ಒಂದು ಜೊತೆ ತಾಳ, ವರುಷಕ್ಕೆ ಇಪ್ಪತ್ತು ಹಾಡು. ಅದರಲ್ಲಿ ವಚನವಿರಲಿ, ದಾಸರ ಪದವಿರಲಿ, ಶರೀಫರದಿರಲಿ, ಬೀಸುವ ಪದವಿರಲಿ. ಇಷ್ಟರಿಂದ ಯಾರೂ ಗವಯಿಗಳಾಗುವದಿಲ್ಲ, ಆಗಬೇಕಾಗಿಯೂ ಇಲ್ಲ. ಈಗ ನಡೆದಿರುವ ಪ್ರತಿಭಾ ಕಾರಂಜಿಯಂಥ ಸ್ಪರ್ಧೆಗಳನ್ನು ನಾವು ಹೀಗಳೆಯುವದಿಲ್ಲ; ಆದರೆ ಅಲ್ಲಿ ಹಾಡುವವನು ಶಾಲೆಗೊಬ್ಬ, ಉಳಿದವರೆಲ್ಲ ಚಪ್ಪಾಳೆಯವರು. ನಮಗೆ ಬೇಕಾದದ್ದು ಆ ಉಳಿದವರ ಕಂಠ. ಸಂಗೀತಕ್ಕೆ ಅಂಕ ಕೊಡಬೇಕೆಂಬ ಸಲಹೆಗೂ ನಮ್ಮ ಸಮ್ಮತಿಯಿಲ್ಲ. ಅಂಕ ಬಂದರೆ ಮಾರ್ಗದರ್ಶಿ ಪುಸ್ತಕ ಬರುತ್ತದೆ, ಅದರ ಹಿಂದೆಯೇ ಖಾಸಗಿ ಪಾಠ ಬರುತ್ತದೆ, ಹಾಡು ಹೋಗುತ್ತದೆ.

ಸರಕಾರವು ಮಾಡದಿದ್ದರೆ ಕೈಕಟ್ಟಿ ಕೂಡುವ ಜನ ನಾವಲ್ಲವೆಂಬುದನ್ನು ಜಮಖಂಡಿ ತಾಲೂಕು ಒಮ್ಮೆ ತೋರಿಸಿಕೊಟ್ಟಿದೆ. 1989ರಲ್ಲಿ ಸಿದ್ದು ನ್ಯಾಮಗೌಡರ ನೇತೃತ್ವದಲ್ಲಿ ಕೃಷ್ಣಾ ತೀರದ ರೈತರು ತಮ್ಮ ಹಣ, ತಮ್ಮ ಬೆವರು ಕೂಡಿಸಿ ಚಿಕ್ಕಪಡಸಲಗಿಯಲ್ಲಿ ಹೊಳೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರವೆಂದು ಅದಕ್ಕೆ ಹೆಸರು. ಹೊಳೆಯನ್ನೇ ನಿಲ್ಲಿಸಿದವರಿಗೆ ಊರಿಗೊಬ್ಬ ಸಂಗೀತ ಮಾಸ್ತರನನ್ನು ನಿಲ್ಲಿಸಿಕೊಳ್ಳುವದು ದೊಡ್ಡ ಮಾತೇ? ಸಕ್ಕರೆ ಕಾರಖಾನೆಗಳಿರುವ, ಸಹಕಾರಿ ಸಂಘಗಳಿರುವ, ಮಠಗಳಿರುವ ಸೀಮೆಯಿದು. ಜಾತ್ರೆಯ ರಸಮಂಜರಿಗೆ ಒಂದು ರಾತ್ರಿಯಲ್ಲಿ ಸುರಿಯುವ ಹಣದಲ್ಲಿ ಒಬ್ಬ ಬೋಧಕನ ಎಷ್ಟು ತಿಂಗಳ ಸಂಬಳ ಅಡಗಿದೆಯೆಂಬುದನ್ನು ಆಯಾ ಊರಿನ ಪಂಚರೇ ಲೆಕ್ಕ ಹಾಕಿಕೊಳ್ಳಲಿ.

ನಾವು ಓದಿದ ಹೈಸ್ಕೂಲಿನಲ್ಲಿ ಒಂದು ಪೇಟಿಯಿತ್ತು. ಯಾರೋ ದಾನಿಗಳು ಕೊಟ್ಟದ್ದು; ಒಳ್ಳೆಯ ಸ್ವರದ್ದು. ಅದನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿ, ತಪಾಸಣೆಯ ಸಾಹೇಬರು ಬರುವ ದಿನ ಹೊರಗೆ ತೆಗೆದು ಧೂಳು ಒರೆಸಿ ಮೇಜಿನ ಮೇಲಿಡುತ್ತಿದ್ದರು. ಅವರು ಸಾಮಾನಿನ ಪಟ್ಟಿಯಲ್ಲಿ ಗುರುತು ಹಾಕಿ ಹೋದಮೇಲೆ ಮತ್ತೆ ಕಪಾಟಿಗೆ. ಆ ಶಾಲೆಯಲ್ಲಿದ್ದ ಅಷ್ಟು ವರುಷಗಳಲ್ಲಿ ಅದರ ಧ್ವನಿಯನ್ನು ನಾವು ಒಮ್ಮೆ ಕೇಳಿದೆವು: ಜವಾನನು ಒರೆಸುವಾಗ ಭಾತೆ ಅಲುಗಿ ಒಂದು ಸ್ವರ ತಾನಾಗಿ ಹೊರಟಿತ್ತು. ನಾಲ್ಕು ತಾಲೂಕುಗಳ ಮುಖ್ಯಾಧ್ಯಾಪಕರಲ್ಲಿಯೂ, ಶಾಲಾ ಸುಧಾರಣಾ ಸಮಿತಿಗಳ ಸದಸ್ಯರಲ್ಲಿಯೂ ನಮ್ಮ ವಿನಂತಿ ಇಷ್ಟು. ತಮ್ಮ ಶಾಲೆಯಲ್ಲಿ ಸಂಗೀತ ಕಲಿಸುವವರಿದ್ದಾರೆಯೇ, ವಾರಕ್ಕೆ ಎಷ್ಟು ತಾಸು, ಕಪಾಟಿನಲ್ಲಿ ಯಾವ ವಾದ್ಯಗಳಿವೆ, ಅವುಗಳ ಕೀಲಿಕೈ ಯಾರ ಹತ್ತಿರವಿದೆ ಎಂಬುದನ್ನು ನಮಗೆ ಬರೆದು ತಿಳಿಸಬೇಕು. ಬಂದ ಪತ್ರಗಳನ್ನು ಊರುವಾರಾಗಿ ಇದೇ ಪುಟದಲ್ಲಿ ಪ್ರಕಟಿಸುವೆವು.